ಈ ವರ್ಷ ಸ್ಟಿಕರ್ ಇಲ್ಲ

ಬೆಳಗಿನ ನಮಾಜು ಮುಗಿದದ್ದೇ, ಮೈಮೇಲಿನ ಬಿಳಿ ಪ್ರಾರ್ಥನೆ ಬಟ್ಟೆಯನ್ನು ತೆಗೆಯುವುದಕ್ಕೂ ತಾಳದೆ, ರೊಗಾಯಾ ಹೊರಗೆ ಬಂದು ಕಾರಿನ ಮುಂದಿನ ಗಾಜಿನ ಮೂಲೆಯನ್ನು ನೋಡಿದಳು. ರಸ್ತೆ ತೆರಿಗೆಯ ಸ್ಟಿಕರ್ ನಿನ್ನೆ ಇದ್ದ ಹಾಗೇ ಇತ್ತು. ನಿನ್ನೆಗೆ ಅದರ ಆಯುಷ್ಯ ಮುಗಿದಿತ್ತು. ಆದ್ದರಿಂದ ಇವತ್ತು ಅದು ಸ್ವಲ್ಪವಾದರೂ ಬಾಡಿರಬೇಕು, ಅಂಚಿನಲ್ಲಾದರೂ ಎದ್ದಿರಬೇಕು ಎಂದು ಅವಳಿಗೇಕೋ ಅನ್ನಿಸಿತ್ತು. ಏನೂ ಆಗಿರಲಿಲ್ಲ. ಕೊನೆಯ ದಿನಾಂಕ ದಪ್ಪ ಅಕ್ಷರದಲ್ಲಿ ಮೊದಲಿನ ಗತ್ತಿನಲ್ಲೇ ಕೂತಿತ್ತು. ಇಷ್ಟು ವರ್ಷ ಈ ದಿನಾಂಕ ಬರುವುದರೊಳಗೆ ಇಪೋದಿಂದ ಇಲ್ಲಿಗೆ, ಕ್ವಾಲಾ ಕಾಂಗ್ಸಾರ್‌ಗೆ, ಇನ್ಶೂರೆನ್ಸ್ ಏಜೆಂಟ್ ಲಾವ್ ಬರುತ್ತಿದ್ದ. ಬಾಗಿಲು ತೆಗೆದು ಒಳಗೆ ಕೂತು ಹಳೆಯದನ್ನು ಉಗುರಿನಿಂದ ಕೆರೆಯುತ್ತಿದ್ದ, ಉಳಿದ ಅಂಟಿಗೆ ಜೇಬಿನಲ್ಲಿದ್ದ ನೋವಿನೆಣ್ಣೆ ಹಚ್ಚಿ ತಿಕ್ಕುತ್ತಿದ್ದ, ಹೊಸದನ್ನು ಅಂಟಿಸಿ ಹೆಬ್ಬೆರಳಿನಿಂದ ಮೂಲೆ ಮೂಲೆಯನ್ನೂ ಒತ್ತಿ, ಹೊರಗೆ ಬಂದು ದೂರ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಆಮೇಲೆ ಎರಡು ದಿನ ಕಾರೆಲ್ಲ ನೋವಿನೆಣ್ಣೆಯ ವಾಸನೆ. ಅವಳು ಕುವೇ, ಅಂದರೆ ಸಿಹಿತಿಂಡಿ, ಮಾರುವ ಸಂತೆಕಟ್ಟೆಯಲ್ಲಿ ಪಕ್ಕ ಮೀನು ಮಾರುವವನು ಮೂಗು ಮುಚ್ಚಿಕೊಂಡು, "ಏನು ಕಾಕ್ ಯಾ, ನಿಮ್ಮ ಕುವೇಗೂ ಮಂಡಿ ನೋವು ಬಂತಾ?" ಎಂದು ಕೇಳುತ್ತಿದ್ದ. ಮೀನಿನವನು ಮೂಗು ಮುಚ್ಚಿಕೊಳ್ಳುವುದನ್ನು ನೋಡಿ ಸುತ್ತಲಿದ್ದವರೆಲ್ಲ ನಗುತ್ತಿದ್ದರು. ಊರಿಗೆಲ್ಲ ಅವಳು ಕಾಕ್ ಯಾ, ಅಂದರೆ ಯಾ ಅಕ್ಕ. ಅವಳನ್ನು ಬುಸು, ಕಿರಿಯವಳೇ, ಎಂದು ಕರೆಯುವವರು ಭೂಮಿಯ ಮೇಲೆ ಈಗ ಒಬ್ಬರೇ ಉಳಿದಿದ್ದರು. ಅವರು ಕರೆಯುತ್ತಿರಲಿಲ್ಲ.

ಲಾವ್ ಮೊನ್ನೆ ಫೋನು ಮಾಡಿದಾಗ ಅವನ ದನಿಯಲ್ಲಿ ಹಬ್ಬವಿತ್ತು. "ಕಾಕ್ ಯಾ, ಖುಷಿ ಸುದ್ದಿ! ಇನ್ಮೇಲೆ ಸ್ಟಿಕರ್ರೇ ಇಲ್ಲ. ಬೇಡ ಅಂತ ಸರ್ಕಾರಾನೇ ತೆಗೆದುಹಾಕಿದೆ. ನಿಮ್ಮ ಇನ್ಶೂರೆನ್ಸು, ರಸ್ತೆ ತೆರಿಗೆ ಎಲ್ಲಾ ಮಾಡಿಸಿಬಿಟ್ಟಿದೀನಿ, ಕಂಪ್ಯೂಟರೊಳಗೆ ಆರಾಮಾಗಿ ಕೂತಿದೆ. ಕಾರಿನ ಯಜಮಾನ್ರ ಫೋನಲ್ಲಿ ಕಾಣುತ್ತೆ."

"ಯಜಮಾನ್ರು ಅಂದ್ರೆ?"

"ಅದೇ, ನಿಮ್ಮಕ್ಕ. ಕಾರು ಅವರ ಹೆಸರಲ್ಲಿದೆಯಲ್ಲ. ಅವರ ಫೋನಿಂದ ನಿಮ್ಮ ಫೋನಿಗೆ ಹಂಚಿದ್ರೆ ನಿಮಗೂ ಕಾಣುತ್ತೆ. ಅದಕ್ಕೇನು, ಒಂದು ಮಾತು ಹೇಳಿದ್ರಾಯ್ತು. ಅಕ್ಕ ತಂಗಿ ಅಲ್ವಾ?"

"ಹಾಗಾದ್ರೆ ಈ ಸಲ ನೀವು ಬರಲ್ವಾ ಮಿಸ್ಟರ್ ಲಾವ್?"

"ಬಂದು ಏನು ಅಂಟಿಸಲಿ, ನನ್ನ ಮುಖಾನಾ?" ಎಂದು ಅವನು ನಕ್ಕಿದ್ದ. ಆಮೇಲೆ, ಶನಿವಾರ ಆ ಕಡೆ ಇನ್ನೊಂದು ಕೆಲಸವಿದೆ, ಬಂದರೆ ಅಂಗಡಿಗೆ ಬಂದು ಕಾಫಿ ಕುಡಿದು ಹೋಗುತ್ತೇನೆ ಎಂದಿದ್ದ. ಇವತ್ತು ಶನಿವಾರ.

ಅಕ್ಕ ತಂಗಿ ಅಲ್ವಾ. ರೊಗಾಯಾ ಒಳಗೆ ಹೋಗಿ ಹಬೆಯ ಪಾತ್ರೆಯ ಮುಚ್ಚಳ ತೆಗೆದಳು. ಕೆಳಗೆ ತೆಂಗಿನ ಹಾಲಿನಲ್ಲಿ ಬೆಂದ ಅಂಟಕ್ಕಿ, ಮೇಲೆ ಪಾಂಡನ್ ಎಲೆಯ ರಸ ಬೆರೆತ ಹಸಿರು ಕೆನೆ. ಸೆರಿ ಮುಕಾ ಮಾಡುವಾಗ ಅವಸರ ಪಟ್ಟರೆ ಮೇಲಿನ ಹಸಿರು ಕೆಳಗಿನ ಬಿಳಿಯನ್ನು ಹಿಡಿದುಕೊಳ್ಳುವುದಿಲ್ಲ, ಕತ್ತರಿಸಿದಾಗ ಎರಡೂ ಬೇರೆ ಬೇರೆಯಾಗಿ ಜಾರುತ್ತವೆ. ಇವತ್ತಿನದು ಹಿಡಿದುಕೊಂಡಿತ್ತು. ಪ್ರತಿ ವರ್ಷ ಲಾವ್ ಬರುವ ದಿನ ಅವಳು ಮಧ್ಯದ ತುಂಡುಗಳನ್ನು, ಅಂಚಿಲ್ಲದವನ್ನು, ಬೇರೆ ಡಬ್ಬಿಗೆ ಹಾಕಿ ಇಡುತ್ತಿದ್ದಳು. "ಯೋಂಗ್‌ಗೆ ಕೊಡಿ" ಎಂದಷ್ಟೇ ಹೇಳಿ ಅವನ ಕೈಗೆ ಕೊಡುತ್ತಿದ್ದಳು. ಯೋಂಗ್ ಎಂದರೆ ಹಿರಿಯಕ್ಕ. ಅದೇ ಹೆಸರು, ಅದೇ ಸಂಬಂಧ. ಆ ಡಬ್ಬಿ ಒಂದು ಉತ್ತರ: ಲಾವ್ ಸ್ಟಿಕರ್ ಜೊತೆಗೆ ಪ್ರತಿ ವರ್ಷ ಇಪೋದಲ್ಲಿದ್ದ ಅಕ್ಕನ ಮನೆಯಿಂದ ಒಂದು ಪೊಟ್ಟಣ ತರುತ್ತಿದ್ದ. ಬಾಳೆಲೆಯಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿದ ರೆಂದಾಂಗ್. ನೀರಿನ ಪಸೆಯೇ ಇಲ್ಲದೆ ಕರ್ರಗೆ ಹುರಿದುಕೊಂಡ ದನದ ಮಾಂಸ, ಅಮ್ಮ ಮಾಡುತ್ತಿದ್ದ ಹಾಗೆ. ಮೊದಲ ವರ್ಷ ಅವನು ಅದನ್ನು ಕೊಡುತ್ತಾ "ನಿಮ್ಮಕ್ಕ ಕಳಿಸಿದಾರೆ" ಎಂದಾಗ ಅವಳು ಕಾರಿನ ಬಾನೆಟ್ಟಿನ ಮೇಲೆ ಕೈಯೂರಿ ನಿಂತುಕೊಂಡಿದ್ದಳು. ಅದಕ್ಕೂ ಹಿಂದಿನ ಇಡೀ ವರ್ಷ ಯೋಂಗ್ ಅವಳ ಒಂದು ಫೋನನ್ನೂ ಎತ್ತಿರಲಿಲ್ಲ.

ಅವತ್ತು ಒಬ್ಬಳೇ ಅಡುಗೆಮನೆಯ ನೆಲದ ಮೇಲೆ ಕೂತು ತಿಂದಳು. ಚಿಕ್ಕಂದಿನಲ್ಲಿ ಅವಳಿಗೆ ನಿಂಬೆಹುಲ್ಲಿನ ನಾರು ಗಂಟಲಿಗೆ ಸಿಕ್ಕಿಕೊಂಡು ವಾಂತಿಯಾಗುತ್ತಿತ್ತು. ಯೋಂಗ್ ಪಕ್ಕದಲ್ಲಿ ಕೂತು, ಬೈಯುತ್ತಲೇ, ತಂಗಿಯ ತಟ್ಟೆಯಿಂದ ನಾರು ಹೆಕ್ಕಿ ಹೆಕ್ಕಿ ತನ್ನ ತಟ್ಟೆಯ ಅಂಚಿಗೆ ಇಡುತ್ತಿದ್ದಳು. ಆ ಪೊಟ್ಟಣದ ರೆಂದಾಂಗಿನಲ್ಲಿ ಒಂದು ಎಳೆ ನಾರಿರಲಿಲ್ಲ. ಎಲ್ಲವನ್ನೂ ನುಣ್ಣಗೆ ಅರೆದು ಹಾಕಿತ್ತು. ಮರುವರ್ಷವೂ ಇರಲಿಲ್ಲ, ಅದರ ಮರುವರ್ಷವೂ. ರೊಗಾಯಾ ಸ್ವಭಾವತಃ ನೆನೆಯುವವಳು. ಯಾರಾದರೂ ರಸ್ತೆಯಲ್ಲಿ ದಾರಿ ಬಿಟ್ಟುಕೊಟ್ಟರೆ ಸಂಜೆಯ ಪ್ರಾರ್ಥನೆಯಲ್ಲಿ ಅವರಿಗೂ ಒಂದು ಪಾಲು ಕೊಡುವವಳು. ಈ ಹತ್ತು ಹನ್ನೊಂದು ವರ್ಷ ಅವಳ ಕೃತಜ್ಞತೆಗೆಲ್ಲ ನಡುಗಂಬ ಈ ಪೊಟ್ಟಣ. ಅಕ್ಕ ಮಾತಾಡುವುದಿಲ್ಲ, ಸರಿ. ಆದರೆ ನಾರು ತೆಗೆದು ಕಳಿಸುತ್ತಾಳೆ. ಇಷ್ಟು ಸಾಕು ಎಂದುಕೊಂಡು ಬದುಕಿದ್ದಳು. ನಿಜಕ್ಕೂ ಸಾಕಾಗಿತ್ತು. ಈಗ ಸರ್ಕಾರ ಒಂದು ಚೂರು ಕಾಗದವನ್ನು ಬೇಡವೆಂದಿತು, ಬರುವವನಿಗೆ ಬರುವ ಕೆಲಸವೇ ಇಲ್ಲವಾಯಿತು. ಕಾಗದ ಹೋಗಲಿ, ಪೊಟ್ಟಣ ಯಾರು ತರುತ್ತಾರೆ? ಒಂದು ಮಾತು ಹೇಳಿದರಾಯಿತಂತೆ. ಆ ಒಂದು ಮಾತು ಇದ್ದಿದ್ದರೆ ಪೊಟ್ಟಣವೇಕೆ ಬೇಕಿತ್ತು.

ತಟ್ಟೆಗಳನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು ಹೊರಟಾಗ ಇನ್ನೂ ಮಂಜು ಇತ್ತು. ಕಾರು ಬಂದ ದಿನವೂ ಹೀಗೇ ಮಂಜು. ಕುವೇ ಮಾರುವವಳಿಗೆ ಬ್ಯಾಂಕು ಕಾರಿಗೆ ಸಾಲ ಕೊಡುವುದಿಲ್ಲ ಎಂದಾಗ, ಶಾಲೆಯ ಮೇಡಮ್ಮಾಗಿದ್ದ ಯೋಂಗ್ "ನನ್ನ ಹೆಸರಲ್ಲಿ ತಗೋ, ಹೆಸರಿಗೇನು ಸವೆಯುತ್ತಾ?" ಎಂದು ಸಹಿ ಹಾಕಿದ್ದಳು. ಅಮ್ಮನನ್ನು ಮುಂದೆ ಕೂರಿಸಿಕೊಂಡು ಮೂವರೂ ನದಿಯ ದಂಡೆಗುಂಟ ಹೋಗಿದ್ದರು. ಅಮ್ಮ ಬೆಲ್ಟು ಹಾಕಿಕೊಳ್ಳಲು ಒಪ್ಪದೆ ಅದನ್ನು ಕೈಯಲ್ಲಿ ಹಿಡಿದು ಕೂತಿದ್ದಳು, ಹಸುವಿನ ಹಗ್ಗ ಹಿಡಿದ ಹಾಗೆ. ಅದೇ ಅಮ್ಮನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನಡುಮನೆಯಲ್ಲಿ ಮಲಗಿಸಿದ್ದಾಗ, ಮುಖದ ಗಂಟೊಂದನ್ನು ಬಿಟ್ಟು ಉಳಿದದ್ದೆಲ್ಲ ಕಟ್ಟಿಯಾಗಿತ್ತು. ಕೊನೆಯ ಮುತ್ತು ಕೊಡುವವರು ಕೊಟ್ಟಾಗಿತ್ತು. ಯೋಂಗ್ ಶಾಲೆಯ ಮಕ್ಕಳನ್ನು ಕರೆದುಕೊಂಡು ಪೂರ್ವದ ಕರಾವಳಿಗೆ ಹೋಗಿದ್ದವಳು, ಬೆಟ್ಟದ ದಾರಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡು, ಫೋನಿನಲ್ಲಿ ಕೂಗಿದ್ದಳು: "ಬರ್ತಿದೀನಿ ಬುಸು, ಬಂದೆ, ಬಂದೇಬಿಟ್ಟೆ." ಹೆಣವನ್ನು ಕಾಯಿಸಬಾರದು ಎಂಬುದು ಎಲ್ಲರಿಗೂ ಗೊತ್ತು. ಮಳೆ ಕವಿದಿತ್ತು, ಗುಂಡಿಯಲ್ಲಿ ನೀರು ಬರಲು ಶುರುವಾಗಿದೆ ಎಂದು ಯಾರೋ ಬಂದು ಹೇಳಿದರು. ಇಮಾಮರು ಒಳಗೆ ಬಂದು ಎಲ್ಲರೆದುರು ಕೇಳಿದರು, ಹಿರಿಯ ಮಗಳಿಗಾಗಿ ಇನ್ನೊಂದು ಗಂಟೆ ಕಾಯೋಣವೇ ಎಂದು. ಕೇಳಿದ್ದು ಅವಳನ್ನೇ. ಕಾಯೋಣ ಎನ್ನಬಹುದಿತ್ತು, ಬೇಡ ಎನ್ನಬಹುದಿತ್ತು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ "ತಾವು ಹೇಳಿದ ಹಾಗೆ" ಎಂದುಬಿಟ್ಟಳು. ಗಂಡಸರು ಕೆಸರುಗಾಲಿನಲ್ಲಿ ಮಣ್ಣು ಮುಗಿಸಿ ವಾಪಸು ಬರುತ್ತಿರುವಾಗ ಯೋಂಗ್ ಗೇಟಿನ ಹತ್ತಿರ ಇಳಿದಳು. ಆ ಕಾಲುಗಳನ್ನು ನೋಡಿದಳು. ಅಳಲಿಲ್ಲ. "ಒಂದು ಗಂಟೆ ಬುಸು. ಕಾಯೋಕೆ ಬರಲಿಲ್ವಾ ನಿನಗೆ?" ಎಂದಳು. ಒಳಗೆ ಬರದೆ, ಒಂದು ಲೋಟ ನೀರೂ ಕುಡಿಯದೆ ಹೋದಳು.

ಸೇತುವೆಯ ಹತ್ತಿರ ಪೊಲೀಸರು ಅಡ್ಡ ಹಾಕಿದ್ದರು. ರೊಗಾಯಾ ಕಾರು ನಿಲ್ಲಿಸಿ ಗಾಜು ಇಳಿಸಿದಳು. ಮೊಡವೆಯ ಗುರುತು ಇನ್ನೂ ಮಾಯದ ಒಬ್ಬ ಪೇದೆ ಬಗ್ಗಿ ಗಾಜಿನ ಮೂಲೆ ನೋಡಿದ.

"ಮಾಕ್ ಚಿಕ್, ಇದು ನಿನ್ನೆಗೇ ಮುಗ್ದಿದೆಯಲ್ಲಾ?" ಅವನ ತಾಯಿಯ ವಯಸ್ಸಿನ ಎಲ್ಲರೂ ಅವನಿಗೆ ಮಾಕ್ ಚಿಕ್, ಚಿಕ್ಕಮ್ಮ.

"ಸ್ಟಿಕರ್ರೇ ಬೇಡ ಅಂದಿದಾರಂತಲ್ಲ ಮಗ."

"ಬೇಡ, ಬೇಡ, ಸರಿಯಾಗೇ ಹೇಳಿದ್ರಿ. ಫೋನಲ್ಲಿ ತೋರಿಸಿ, ಸಾಕು."

ಅವಳು ಫೋನನ್ನು ಅವನ ಕೈಗೇ ಕೊಟ್ಟಳು. ತನಗೆ ಗೊತ್ತಿಲ್ಲದ್ದು ಫೋನಿಗೆ ಗೊತ್ತಿರಬಹುದು ಎಂಬ ಆಸೆ. ಅವನು ನೋಡಿ, ನಗು ತಡೆದು, ವಾಪಸು ಕೊಟ್ಟ. "ಇದು ನಮಾಜಿನ ವೇಳೆ ತೋರಿಸೋದು ಮಾಕ್ ಚಿಕ್. ಕಾರಿನದು ಬೇಕು. ಯಾರ ಹೆಸರಲ್ಲಿದೆ?"

"ಅಕ್ಕನ ಹೆಸರಲ್ಲಿ."

"ಅಕ್ಕ ಇದಾರಾ?"

ಅವನು ಕೇಳಿದ್ದರಲ್ಲಿ ಬೇರೇನೂ ಇರಲಿಲ್ಲ. ಸತ್ತವರ ಹೆಸರಿನ ಕಾರುಗಳನ್ನು ಮಕ್ಕಳು, ತಮ್ಮಂದಿರು, ಅಳಿಯಂದಿರು ಹೆಸರು ಬದಲಾಯಿಸದೆ ವರ್ಷಗಟ್ಟಲೆ ಓಡಿಸುವುದು ಎಲ್ಲ ಮನೆಗಳ ಕಥೆ. ಕಾಗದ ಅಂಟಿಸುವ ಕಾಲದಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ. ಆದರೂ ಅವಳಿಗೆ ಆ ಪ್ರಶ್ನೆ ಬೇರೆಯಾಗಿ ಕೇಳಿಸಿತು. ಅಕ್ಕ ಇದಾಳಾ? ಕಳೆದ ಸಲ ಲಾವ್ ಬಂದು ಒಂದು ವರ್ಷವಾಯಿತು. ಯೋಂಗ್‌ಗೆ ಎಪ್ಪತ್ತು. ಇಲ್ಲವಾಗಿದ್ದರೆ ಯಾರಾದರೂ ಹೇಳುತ್ತಿದ್ದರು. ಹೇಳುತ್ತಿದ್ದರಾ? ಹೇಳುವುದರೊಳಗೆ ಮಣ್ಣು ಮಾಡಿ ಮುಗಿಸಿರುತ್ತಿದ್ದರು, ಹೆಣವನ್ನು ಕಾಯಿಸಬಾರದಲ್ಲ.

"ಇದಾಳೆ" ಎಂದಳು, ಅಗತ್ಯಕ್ಕಿಂತ ಜೋರಾಗಿ.

"ಇದ್ರೆ ಕಷ್ಟವೇನಿದೆ? ಒಂದು ಫೋನ್ ಮಾಡಿ, ನಿಮಗೆ ಹಂಚೋಕೆ ಹೇಳಿ. ಇಲ್ದೇ ಇರೋರ ಕಾರಿಂದೇ ನಮಗೆ ತಲೆನೋವು." ಅವನು ತನ್ನ ಯಂತ್ರದಲ್ಲಿ ಕಾರಿನ ನಂಬರು ಒತ್ತಿ ನೋಡಿದ. "ತೆರಿಗೆ ಎಲ್ಲಾ ಸರಿಯಾಗಿದೆ. ಹೋಗಿ ಮಾಕ್ ಚಿಕ್." ಹಿಂದಿನಿಂದ ಯಾರೋ ಹಾರನ್ ಹೊಡೆದರು. ಕೃತಜ್ಞತೆ ಉಕ್ಕಿ ಅವಳು ಹಿಂದಕ್ಕೆ ತಿರುಗಿ ಒಂದು ಡಬ್ಬಿ ಸೆರಿ ಮುಕಾ ಎತ್ತಿ ಕಿಟಕಿಯಿಂದ ನೀಡಿದಳು. ಅವನು ಹಾವು ಕಂಡವನಂತೆ ಹಿಂದೆ ಸರಿದ. "ಅಯ್ಯೋ, ಒಳಗಿಡಿ ಒಳಗಿಡಿ! ಎಲ್ಲಾ ನೋಡ್ತಿದಾರೆ. ಲಂಚ ಅಂದ್ರೆ ನನ್ನ ಕೆಲಸ ಹೋಗುತ್ತೆ." ಅವಳ ಕಿವಿ ಬಿಸಿಯಾಯಿತು. ಕೊಡಲು ಹೋದದ್ದನ್ನು ವಾಪಸು ತೊಡೆಯ ಮೇಲಿಟ್ಟುಕೊಂಡು ಸೇತುವೆ ದಾಟಿದಳು. ಕೆಳಗೆ ನದಿ ಎಂದಿನಂತೆ ಕೆಂಪಗೆ ಹರಿಯುತ್ತಿತ್ತು.

ಲಾವ್ ಬಂದದ್ದು ಕುವೇ ಮುಕ್ಕಾಲು ಖಾಲಿಯಾದ ಮೇಲೆ. ಕೈಯಲ್ಲಿ ಚೀಲವಿಲ್ಲ, ಪೊಟ್ಟಣವಿಲ್ಲ. ಬರಿಗೈಯಲ್ಲಿ ಅವನು ಬೇರೆ ಯಾರೋ ಎಂಬಂತೆ ಕಂಡ. ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಕೂತು, ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ಅವಳು ಕಾಫಿ ತರಿಸಿದಳು. ಕೇಳಬಾರದು ಎಂದುಕೊಂಡೇ ಕೇಳಿದಳು.

"ಯೋಂಗ್ ಮನೆಗೆ ಹೋಗಿದ್ರಾ?"

"ಹೋಗೋದಕ್ಕೇನಿದೆ? ಅವರ ಕಾರಿಗೂ ಸ್ಟಿಕರ್ ಇಲ್ವಲ್ಲ. ಫೋನಲ್ಲೇ ಮಾತಾಡಿದೆ. ಗಟ್ಟಿಯಾಗೇ ಇದಾರೆ, ನನಗೇ ಬೈದ್ರು, 'ಇಷ್ಟು ದಿನ ಬರ್ತಿದ್ದೋರು ಈಗ ನಾನು ಬೇಡವಾದ್ನಾ' ಅಂತ."

ಇದ್ದಾಳೆ. ಗಟ್ಟಿಯಾಗೇ ಇದ್ದಾಳೆ. ರೊಗಾಯಾ ಮನಸ್ಸಿನಲ್ಲೇ ದೇವರಿಗೆ ಒಂದು ಮಾತು ಹೇಳಿದಳು. ಆಮೇಲೆ, ಮುಖವನ್ನು ಚೆನ್ನಾಗಿ ನಗಿಸಿಕೊಂಡು, "ಹಾಗಾದ್ರೆ ಈ ವರ್ಷ ನನ್ನ ರೆಂದಾಂಗ್‌ಗೂ ಸ್ಟಿಕರಿನ ಗತಿಯೇ" ಎಂದಳು.

ಲಾವ್ ನಗಲಿಲ್ಲ. ಲೋಟವನ್ನು ಕೆಳಗಿಟ್ಟು ಅದರ ಅಂಚಿನ ಮೇಲೆ ಬೆರಳಾಡಿಸಿದ. ಆ ಬೆರಳಿನ ಹಿಂದೆ ಮಣಿಕಟ್ಟಿನಲ್ಲಿ ಕೆಂಪು ದಾರ, ಅದು ಯಾವಾಗಲೂ ಇರುತ್ತಿತ್ತು. "ಕಾಕ್ ಯಾ, ಈಗ ಎಲ್ಲಾ ಮುಗೀತಲ್ಲ, ಅದಕ್ಕೇ ಹೇಳ್ತೀನಿ. ನೀವು ಕೋಪ ಮಾಡ್ಕೋಬಾರ್ದು. ಆ ಪೊಟ್ಟಣ, ನಿಮ್ಮಕ್ಕ ನಿಮಗೆ ಅಂತ ಕೊಡ್ತಿರಲಿಲ್ಲ."

"ಮತ್ತೆ?"

"ನನಗೆ ಅಂತ ಕೊಡ್ತಿದ್ರು. ನಾನು ದನ ತಿನ್ನಲ್ಲ ಕಾಕ್ ಯಾ. ಕುವಾನ್ ಯಿನ್ ದೇವಿಗೆ ನಡ್ಕೊಳ್ಳೋರು ನಾವು, ಅಮ್ಮನ ಕಾಲದಿಂದ ನಮ್ಮನೇಲಿ ಅದು ಬಿಟ್ಟಿದೆ. ಮೊದಲ ಸಲ ಅವರು ಬಾಗಿಲಲ್ಲಿ ನಿಂತು, 'ಕ್ವಾಲಾ ಕಾಂಗ್ಸಾರ್‌ವರೆಗೂ ಹೋಗ್ತೀರಲ್ಲ, ಇದಿರಲಿ' ಅಂತ ಕೈಗಿಟ್ರು. ಅಷ್ಟು ವಿಶ್ವಾಸದಿಂದ ಕೊಟ್ಟಾಗ ಬೇಡ ಅನ್ನೋಕೆ ನಾಲಿಗೆ ಬರ್ಲಿಲ್ಲ. ತಿನ್ನೋ ಹಾಗಿಲ್ಲ, ಎಸೆಯೋ ಹಾಗಿಲ್ಲ, ಬಿಸಿ ತುಪ್ಪ. ಇಲ್ಲಿ ನೀವು ಸಿಕ್ಕಿದ್ರಿ. ನನಗೆ ಬೇಡದ್ದನ್ನ ನಿಮಗೆ ಕೊಡ್ತಿದೀನಿ ಅಂದ್ರೆ ನಿಮಗೆ ಹೇಗನ್ಸುತ್ತೋ ಅಂತ, ನಿಮ್ಮಕ್ಕ ಕಳಿಸಿದಾರೆ ಅಂದೆ. ನೀವು ಆಗ ಬಾನೆಟ್ ಹಿಡ್ಕೊಂಡ್ರಿ. ಆಮೇಲೆ ನಿಜ ಹೇಳೋಕೆ ನನಗೆ ಧೈರ್ಯವೇ ಬರ್ಲಿಲ್ಲ."

ಮೀನಿನವನು ಪಕ್ಕದಲ್ಲಿ ಐಸು ಒಡೆಯುತ್ತಿದ್ದ. ಒಂದೊಂದು ಏಟಿಗೂ ಚೂರುಗಳು ಅವಳ ಕಾಲಿನವರೆಗೆ ಹಾರಿ ಬೀಳುತ್ತಿದ್ದವು. "ನಾನು ಕೊಟ್ಟ ಕುವೇ?" ಎಂದು ಕೇಳಿದಳು.

"ಅದು ಒಂದು ಚೂರೂ ಬಿಡದೆ ತಲುಪಿಸಿದೀನಿ, ದೇವಿ ಆಣೆ. ತಂಗಿ ಕೊಟ್ಟಿದಾರೆ ಅಂತ ಹೇಳೇ ಕೊಟ್ಟಿದೀನಿ."

"ಏನಂತಿದ್ಲು?"

ಲಾವ್ ಯೋಚಿಸಿದ. ಸುಳ್ಳು ಹೇಳಿ ಸಾಕಾದವನ ಹಾಗೆ ನಿಧಾನವಾಗಿ ಹೇಳಿದ. "ಏನೂ ಅಂತಿರ್ಲಿಲ್ಲ. ತಗೊಂಡು ಒಳಗೆ ಹೋಗ್ತಿದ್ರು. ಕಾರು ಹೇಗಿದೆ ಅಂತ ಕೇಳ್ತಿದ್ರು. ಪ್ರತಿ ಸಲ ಅದೇ. ಕಾರು ಚೆನ್ನಾಗಿ ಓಡ್ತಿದೆಯಾ, ಬ್ರೇಕ್ ನೋಡಿಸಿದಾಳಾ ಅಂತ. ನೀವು ಹೇಗಿದೀರಿ ಅಂತ ಮಾತ್ರ ಕೇಳಲಿಲ್ಲ ಕಾಕ್ ಯಾ, ಇದ್ದದ್ದು ಹೇಳ್ತಿದೀನಿ."

ಅವನು ಹೋಗುವಾಗ ಅಭ್ಯಾಸಬಲದಿಂದ ಅವಳ ಕಾರಿನ ಹತ್ತಿರ ಹೋಗಿ ಗಾಜಿನೊಳಗೆ ಇಣುಕಿ ನೋಡಿದ. ಹಳೆಯದನ್ನು ಕೆರೆದುಕೊಡಲೇ ಎಂದು ಕೇಳಿದ. ಬೇಡ, ಇರಲಿ ಎಂದಳು. ಅವನ ಮೇಲೆ ಕೋಪ ಬರಲಿಲ್ಲ, ಬರಬೇಕಿತ್ತೇನೋ. ದೇವಿಗೆ ನಡೆದುಕೊಳ್ಳುವವನು ದೇವಿಯ ಕಣ್ಣೆದುರೇ ವರ್ಷಕ್ಕೊಂದು ಸುಳ್ಳು ಹೊತ್ತು ತಂದಿದ್ದನಲ್ಲ, ತನ್ನ ಮುಖ ನೋಡಿ. ಆ ಸುಳ್ಳನ್ನು ಉಂಡೇ ತಾನು ಬದುಕಿದ್ದು. ಅವನಿಗೆ ಉಳಿದ ಕುವೇಯನ್ನೆಲ್ಲ ಕಟ್ಟಿಕೊಟ್ಟಳು. ಮಧ್ಯದ ತುಂಡುಗಳ ಡಬ್ಬಿಯನ್ನು ಮಾತ್ರ, ಯಾರಿಗೆ ಎಂದು ಗೊತ್ತಿಲ್ಲದೆ, ಪಕ್ಕಕ್ಕಿಟ್ಟುಕೊಂಡಳು.

ಮಧ್ಯಾಹ್ನದ ಬಿಸಿಲಿನಲ್ಲಿ ಕಾರಿನೊಳಗೆ ಕೂತಾಗ ನಾಚಿಕೆ ಬಂತು, ತಡವಾಗಿ ಬಂದದ್ದರಿಂದ ಜೋರಾಗಿ ಬಂತು. ಯಾರೋ ಏಜೆಂಟನಿಗೆ ಕಟ್ಟಿಕೊಟ್ಟ ಊಟವನ್ನು ತನ್ನ ಕ್ಷಮೆಯೆಂದು ನಂಬಿ, ನೆಲದ ಮೇಲೆ ಕೂತು, ಕಣ್ಣೀರು ಹಾಕಿಕೊಂಡು ತಿಂದವಳು. ನಾರಿಲ್ಲದ ಮಸಾಲೆ! ಈಗ ಎಲ್ಲರ ಮನೆಯಲ್ಲೂ ಮಿಕ್ಸಿ ಇದೆ, ಯಾರು ಅರೆದರೂ ನುಣ್ಣಗೇ ಆಗುತ್ತದೆ. ಉತ್ತರ ಎಂದುಕೊಂಡು ತಾನು ಕಳಿಸುತ್ತಿದ್ದ ಸೆರಿ ಮುಕಾ ಯೋಂಗ್‌ಗೆ ಹೇಗೆ ಕಂಡಿರಬೇಕು? ಕರೆಯದ ಮದುವೆಗೆ ಬಂದ ನೆಂಟರ ಹಾಗೆ. ವರ್ಷ ವರ್ಷ ಬರುತ್ತಾರೆ, ಬಾಗಿಲು ಹಾಕಲೂ ಆಗುವುದಿಲ್ಲ. ತಗೊಂಡು ಒಳಗೆ ಹೋಗುತ್ತಿದ್ದಳಂತೆ. ಒಳಗೆ ಹೋಗಿ ಏನು ಮಾಡುತ್ತಿದ್ದಳು, ಪಕ್ಕದ ಮನೆಯವರಿಗೆ ಕೊಡುತ್ತಿದ್ದಳಾ? ಕಾರು ಹೇಗಿದೆ. ಕಾರು ಅವಳದೇ ತಾನೆ, ಕೇಳುತ್ತಾಳೆ. ಗಾಜಿನ ಮೂಲೆಯಲ್ಲಿ ಸ್ಟಿಕರಿನ ಹಿಂಭಾಗ ಕಾಣುತ್ತಿತ್ತು, ಅದರ ಮೂಲಕ ಬಿಸಿಲು ಮಬ್ಬಾಗಿ ಬರುತ್ತಿತ್ತು. ಇಷ್ಟು ವರ್ಷ ಈ ಕಾಗದ ಅವಳನ್ನು ಕಾಪಾಡಿತ್ತು. ಕೇಳದ ಹಾಗೆ, ಹೇಳದ ಹಾಗೆ, ಒಂದು ಮಾತನ್ನೂ ಆಡದೆ ಅಕ್ಕನ ಕಾರಿನಲ್ಲಿ ಓಡಾಡುವ ಹಾಗೆ. ಪೇದೆಯ ಮಾತು ಮತ್ತೆ ಕೇಳಿಸಿತು. ಅಕ್ಕ ಇದಾರಾ? ಇದ್ರೆ ಕಷ್ಟವೇನಿದೆ.

ಫೋನು ತೆಗೆದು ಒತ್ತಿದಳು. ನಂಬರು ಬೆರಳಿಗೇ ಗೊತ್ತಿತ್ತು. ಎತ್ತುವುದಿಲ್ಲ ಎಂಬ ನಂಬಿಕೆಯೇ ಅವಳಿಗಿದ್ದ ಧೈರ್ಯ. ಎರಡನೆಯ ರಿಂಗಿಗೇ ಯೋಂಗ್ ಎತ್ತಿದಳು.

"ಯಾರು?"

ದನಿ ಮುದಿಯಾಗಿತ್ತು. ಅದಕ್ಕೆ ಅವಳು ತಯಾರಾಗಿರಲಿಲ್ಲ. "ನಾನು ಯೋಂಗ್. ಯಾ."

ಆ ಕಡೆ ಫ್ಯಾನು ತಿರುಗುವ ಸದ್ದು.

"ಏನು, ಬ್ರೇಕ್ ಕೆಟ್ಟಿತಾ?"

"ಇಲ್ಲ. ಸ್ಟಿಕರ್... ಈ ವರ್ಷದಿಂದ ಇಲ್ವಂತೆ. ನಿನ್ನ ಫೋನಲ್ಲಿದೆಯಂತೆ. ನನ್ನ ಫೋನಿಗೆ ಹಂಚಬೇಕಂತೆ. ಪೊಲೀಸ್ನೋರು ಕೇಳ್ತಾರೆ, ಅದಕ್ಕೇ ಮಾಡಿದೆ. ಇಲ್ದಿದ್ರೆ ನಿನಗೆ ತೊಂದ್ರೆ ಕೊಡ್ತಿರಲಿಲ್ಲ." ಇಷ್ಟಕ್ಕೇ ನಿಲ್ಲಿಸಬೇಕಿತ್ತು. ನಾಲಿಗೆ ನಿಲ್ಲಲಿಲ್ಲ. "ಇನ್ನೊಂದು ವಿಷಯ ಯೋಂಗ್. ನೀನು ಮಿಸ್ಟರ್ ಲಾವ್‌ಗೆ ಕೊಡ್ತಿದ್ದ ರೆಂದಾಂಗ್ ಅವರು ತಿಂತಿರಲಿಲ್ಲ. ಅವರು ದನ ತಿನ್ನಲ್ವಂತೆ. ಅಷ್ಟೂ ವರ್ಷದ್ದೂ ನಾನೇ ತಿಂದೆ. ನೀನು ನನಗೆ ಕಳಿಸ್ತಿದೀಯ ಅಂದ್ಕೊಂಡು ತಿಂದೆ. ಇವತ್ತೇ ಗೊತ್ತಾಗಿದ್ದು. ತಪ್ಪಾಯ್ತು."

"ಇವತ್ತು ಗೊತ್ತಾಯ್ತಾ ನಿನಗೆ?"

"ಹೂಂ."

"ದಡ್ಡಿ" ಎಂದಳು ಯೋಂಗ್. "ಚಿಕ್ಕವಳಿದ್ದಾಗಲೂ ದಡ್ಡಿ, ಈಗಲೂ ದಡ್ಡಿ. ನಮ್ಮ ಶಾಲೆ ಔತಣದಲ್ಲಿ ಆ ಲಾವ್ ಯಾರಿಗೂ ಕಾಣದ ಹಾಗೆ ದನದ ತುಂಡೆಲ್ಲ ಪಕ್ಕದವನ ತಟ್ಟೆಗೆ ಜಾರಿಸ್ತಾ ಕೂತಿದ್ದ. ಮೂವತ್ತು ವರ್ಷ ಮಕ್ಕಳು ಕಾಪಿ ಹೊಡೆಯೋದನ್ನ ಹಿಡಿದವಳು ನಾನು. ನನ್ನ ಕಣ್ಣಿಗೆ ಅದು ಬೀಳಲ್ವಾ?"

ರೊಗಾಯಾ ಸ್ಟೀರಿಂಗ್ ಹಿಡಿದುಕೊಂಡಳು.

"ನಿನಗೆ ಅಂತ ಕೊಟ್ಟು ಕಳಿಸೋಷ್ಟು ದೊಡ್ಡ ಮನಸ್ಸು ನನಗೆ ಆಗ ಇರಲಿಲ್ಲ ಬುಸು. ತಿನ್ನದೇ ಇರೋನ ಕೈಗೆ ಕೊಟ್ಟೆ. ನೇರ ನಿನ್ನಲ್ಲಿಗೇ ಹೋಗ್ತಾನೆ, ಎಸೆಯೋ ಜಾತಿಯಲ್ಲ ಅವನು. ತಲುಪಿದ್ರೆ ತಲುಪಲಿ ಅಂದ್ಕೊಂಡೆ. ಸಂಜೆಗೆ ಕುವೇ ಬಂತು, ತಲುಪಿದ್ದು ಗೊತ್ತಾಯ್ತು." ಯೋಂಗ್ ಕೆಮ್ಮಿದಳು. ಕೆಮ್ಮೋ ಏನೋ. "ಒರಳಲ್ಲಿ ನಿಂಬೆಹುಲ್ಲು ಕುಟ್ಟಿ ಕುಟ್ಟಿ ನನ್ನ ತೋಳು ಬಿದ್ದುಹೋಯ್ತು. ಮಿಕ್ಸಿಗೆ ಹಾಕಿದ್ರೆ ಎಳೆ ಉಳಿಯುತ್ತೆ, ನಿನ್ನ ಗಂಟಲಿಗೆ ಆಗಲ್ಲ."

ಅವಳಿಗೆ ಮಾತಾಡಬೇಕಿತ್ತು. ಆ ದಿನದ ಬಗ್ಗೆ, ಇಮಾಮರು ಕೇಳಿದ ಪ್ರಶ್ನೆಯ ಬಗ್ಗೆ, ಗುಂಡಿಯಲ್ಲಿ ಬಂದ ನೀರಿನ ಬಗ್ಗೆ, ಎಲ್ಲಕ್ಕಿಂತ ಮೊದಲು ಆ ಒರಳಿನ ಬಗ್ಗೆ. ಬಾಯಿಂದ ಬಂದದ್ದು, "ಯಾವ ಬಟನ್ ಒತ್ತಬೇಕೋ ನನಗೂ ಗೊತ್ತಿಲ್ಲ ಯೋಂಗ್."

"ನನಗೆ ಮೊದಲೇ ಬರಲ್ಲ. ಪಕ್ಕದ ಮನೆ ಹುಡುಗಿ ಮಾಡಿಕೊಡ್ತಾಳೆ, ಎರಡು ಫೋನೂ ಒಟ್ಟಿಗೆ ಬೇಕಂತೆ. ತಗೊಂಡು ಬಾ."

"ಇವತ್ತೇ?"

"ಮತ್ತೆ? ಮುಂದಿನ ವರ್ಷ ಲಾವ್ ಕೈಲಿ ಕಳಿಸ್ತೀಯಾ ಫೋನ್ನ?"

"ದಾರೀಲಿ ಪೊಲೀಸ್ನೋರು ಹಿಡಿದ್ರೆ?"

"ಅಕ್ಕನ ಕಾರು, ಅಕ್ಕನ ಮನೆಗೆ ಹೋಗ್ತಿದೀನಿ ಅನ್ನು. ಊಟಕ್ಕೆ ಬಾ. ಹೆದ್ದಾರೀಲಿ ಶನಿವಾರ ಲಾರಿ ಜಾಸ್ತಿ, ನಿಧಾನವಾಗಿ ಬಾ. ಎಷ್ಟು ಹೊತ್ತಾದ್ರೂ ಕಾಯ್ತೀನಿ." ಒಂದು ಕ್ಷಣ ಫ್ಯಾನಿನ ಸದ್ದು. "ನನಗೆ ಕಾಯೋಕೆ ಬರುತ್ತೆ."

ಫೋನು ನಿಂತಿತು. ಕೊನೆಯ ಮಾತಿನ ಮೊನೆ ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತ್ತು. ಹತ್ತು ಹನ್ನೊಂದು ವರ್ಷ ಅದು ತಾಗದೆ ಉಳಿದಿತ್ತು. ತಾಗಿದ್ದಕ್ಕೆ ರೊಗಾಯಾಗೆ ಎಷ್ಟು ಸಮಾಧಾನವಾಯಿತೆಂದರೆ, ಮೀನಿನವನು ನೋಡುತ್ತಿದ್ದಾನೆ ಎಂಬುದನ್ನೂ ಮರೆತು ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತಳು. ಲಾವ್‌ನನ್ನು ನೆನೆದಳು, ಪೇದೆಯನ್ನು ನೆನೆದಳು, ಕಾಗದ ಬೇಡವೆಂದ ಸರ್ಕಾರವನ್ನೂ ಒಮ್ಮೆ ನೆನೆದಳು. ಮೀನಿನವನು ಹತ್ತಿರ ಬಂದು ಗಾಜು ತಟ್ಟಿ, "ಏನಾಯ್ತು ಕಾಕ್ ಯಾ? ಯಾರಾದ್ರೂ ಹೋದ್ರಾ?" ಎಂದು ಕೇಳಿದ.

"ಇಲ್ಲ, ಇದಾಳೆ" ಎಂದಳು. ಮಧ್ಯದ ತುಂಡುಗಳ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟು, ಜಾರದಿರಲೆಂದು ಅದಕ್ಕೂ ಬೆಲ್ಟು ಹಾಕಿ, ಕಾರು ತಿರುಗಿಸಿದಳು.